ಸಕ್ಕರೆಯಿಲ್ಲದ ನಲವತ್ತು ನಿಮಿಷ

ತುಮ್ಮನಟ್ಟಿ,
೬ ಮಾರ್ಚ್ ೨೦೨೫, ಗುರುವಾರ

ರಮ್ಯಾಗೆ, ನಿನ್ನ ಜೀವಿತಕ್ಕನ ಪ್ರೀತಿ.

ಹತ್ತು ದಿನದಿಂದ ಫೋನ್ ಎತ್ತದೆ ಕುಳಿತವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಾದರೆ ನೀನು ನಡುವೆ ನಗುತ್ತೀ, ನಾನೂ ನಕ್ಕು ಮಾತು ಬದಲಿಸುತ್ತೇನೆ. ಈ ವಿಷಯ ಹಾಗೆ ಬಾಯಿಯವರೆಗೆ ಬಂದು ಎಷ್ಟೋ ಸಲ ಹಿಂದಕ್ಕೆ ಹೋಗಿದೆ. ನಾಳೆ ಬೆಳಿಗ್ಗೆ ದೊಡ್ಡಪ್ಪನ ಮಗ ಪ್ರವೀಣ್‌ಕುಮಾರ್ ಕ್ಯಾರೆಟ್ ಲೋಡ್ ಹಾಕಿಕೊಂಡು ಗೂಡಲೂರು ದಾರಿಯಲ್ಲಿ ಮೈಸೂರಿಗೆ ಹೊರಡುತ್ತಾನೆ. ಇದನ್ನು ನಿನ್ನ ಕೈಗೇ ಕೊಡಬೇಕು, ಹಾಸ್ಟೆಲ್ ವಾಚ್‌ಮನ್‌ಗಲ್ಲ ಎಂದು ಎರಡೆರಡು ಸಲ ಹೇಳಿದ್ದೇನೆ. ಸೋಮವಾರ ಥೀಸಿಸ್ ಮಂಡಿಸಲು ನೀನು ಎಲ್ಲರ ಮುಂದೆ ನಿಲ್ಲುವ ಮೊದಲು ಇದು ನಿನಗೆ ಗೊತ್ತಿರಬೇಕು.

ನಿನ್ನ ಮೂರನೇ ಅಧ್ಯಾಯ ತಪ್ಪು, ರಮ್ಯಾ. ತಪ್ಪು ಮಾಡಿದವಳು ನೀನಲ್ಲ, ನಾನು.

ಅಂತೂ ಬರೆದೆ. ಬರೆದ ಮೇಲೆ ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ಅಡುಗೆಮನೆಯಲ್ಲಿದ್ದ ಅವ್ವೆ ನನ್ನ ಮುಖ ನೋಡಿ ಲೋಟ ತೊಳೆದಿಟ್ಟಳು. ಅವಳಿಗೆ ಮೊನ್ನೆಯೇ ಹೇಳಿದ್ದೇನೆ. ಟೀ ಎಲೆ ಕೀಳುತ್ತಾ, ಅವಳ ಕಡೆ ನೋಡದೆ ಹೇಳಿದೆ. ಮೊದಲು ನಮ್ಮ ಕೆಲಸ ಏನೆಂದೇ ವಿವರಿಸಬೇಕಾಯಿತು. ಜೀವಕೋಶದ ಒಳಗೆ ಪುಟ್ಟ ಪುಟ್ಟ ಪಂಪುಗಳಿವೆ, ಅವು ಪ್ರೋಟಾನುಗಳನ್ನು ಪೊರೆಯ ಆಚೆಗೆ ತಳ್ಳಿ ಅಲ್ಲಿ ಹುಳಿ ಮಾಡುತ್ತವೆ, ಪಂಪಿಗೆ ಒಂದು ತಲೆ, ಒಂದು ಬುಡ, ಇಂಧನ ಸುಡುವುದು ತಲೆ, ಪ್ರೋಟಾನಿಗೆ ದಾರಿ ಬಿಡುವುದು ಬುಡ ಎಂದೆ. ಸಕ್ಕರೆ ಸಿಗದಿದ್ದರೆ ಐದೇ ನಿಮಿಷದಲ್ಲಿ ತಲೆ ಬುಡದಿಂದ ಕಳಚಿಕೊಳ್ಳುತ್ತದೆ, ಇಂಧನ ಉಳಿಯಲಿ ಎಂದು, ಸಕ್ಕರೆ ಬಂದರೆ ಮತ್ತೆ ಕೂರುತ್ತದೆ ಎಂದೂ ಹೇಳಿದೆ. ಎಲೆ ಬಾರದ ದಿನ ಫ್ಯಾಕ್ಟರಿಯವರು ಮಿಷನ್ ನಿಲ್ಲಿಸುವುದಿಲ್ಲವೇ, ಅದರಲ್ಲಿ ಓದುವುದಕ್ಕೆ ಏನಿದೆ ಎಂದಳು. ನನಗೆ ಆ ಹೊತ್ತಿನಲ್ಲೂ ನಗು ಬಂತು.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಹೋದ ವರ್ಷ ಫೆಬ್ರವರಿಯಲ್ಲಿ ನಾವು ಎರಡು ಬಗೆಯ ಯೀಸ್ಟ್ ಬೆಳೆಸಿದ್ದೆವಲ್ಲ? ಒಂದು ಮಾಮೂಲಿಯದು, ಇನ್ನೊಂದು ನೀನು ಆ ಸಣ್ಣ ಪ್ರೋಟೀನ್ ತೆಗೆದುಹಾಕಿದ್ದು. ಯೀಸ್ಟನ್ನು ಗ್ಲೂಕೋಸ್ ಬೆರೆಸಿದ ದ್ರಾವಣದಲ್ಲಿ ತೊಳೆಯಬೇಕು, ಹತ್ತು ನಿಮಿಷ ಮೀರಬಾರದು ಎಂದು ನಿನಗೆ ಕಲಿಸಿದವಳೇ ನಾನು. ಮಾಮೂಲಿಯದನ್ನು ಸರಿಯಾಗಿ ತೊಳೆದೆ. ನಿನ್ನದನ್ನು ಶುರುಮಾಡುವಾಗ ಗ್ಲೂಕೋಸ್ ದ್ರಾವಣ ಮುಗಿದಿತ್ತು. ಹೊಸದು ಮಾಡುವವರೆಗೆ ಇರಲಿ ಎಂದು ಬರಿಯ ಉಪ್ಪಿನ ದ್ರಾವಣದಲ್ಲಿ ಇಟ್ಟೆ. ಅಷ್ಟರಲ್ಲಿ ಅವ್ವೆಯ ಫೋನ್. ಹೆತ್ತೆ, ಅಂದರೆ ನಮ್ಮ ಅಜ್ಜಿ, ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಮ್ಮ ಲ್ಯಾಬಿನಲ್ಲಿ ಸಿಗ್ನಲ್ ಸರಿಯಾಗಿ ನಿಲ್ಲುವುದಿಲ್ಲವಲ್ಲ, ಮೆಟ್ಟಿಲ ಹತ್ತಿರ ಹೋಗಿ ಊಟಿ ಆಸ್ಪತ್ರೆ, ಆಂಬುಲೆನ್ಸ್, ಅಣ್ಣ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಮುಗಿಸುವಾಗ ನಲವತ್ತು ನಿಮಿಷ. ವಾಪಸ್ ಬಂದು ಯಂತ್ರದ ಹಾಗೆ ಮುಂದಿನ ಹಂತ ಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಆಗ ಅದು ಮುಚ್ಚಿಟ್ಟದ್ದಲ್ಲ, ತಲೆಗೇ ಬರಲಿಲ್ಲ.

ಮೂರು ವಾರ ಬಿಟ್ಟು ಮೈಕ್ರೋಸ್ಕೋಪಿನ ಚಿತ್ರಗಳು ಬಂದವು. ನಿನ್ನ ಯೀಸ್ಟಿನಲ್ಲಿ ಪಂಪುಗಳಿಗೆ ತಲೆಯೇ ಇಲ್ಲ. ನೀನು ಕಾರಿಡಾರಿನಲ್ಲಿ ಓಡಿ ಬಂದೆ, ಆ ಪ್ರೋಟೀನೇ ತಲೆ ಬುಡ ಎರಡನ್ನೂ ಹಿಡಿದಿಡುವ ಚಿಲಕ, ಸಿಕ್ಕಿತು ಅಕ್ಕಾ ಎಂದು. ಗಿರಿಧರನ್ ಸರ್ ಎಲ್ಲರಿಗೂ ಮೈಸೂರುಪಾಕ್ ತರಿಸಿದರು. ಅದನ್ನು ಬಾಯಿಗೆ ಹಾಕಿಕೊಂಡಾಗಲೇ ನನಗೆ ಸಕ್ಕರೆಯಿಲ್ಲದ ಆ ನಲವತ್ತು ನಿಮಿಷ ನೆನಪಾದದ್ದು. ನುಂಗಿದೆ. ಮುಂದಿನ ಸಲ ಮಾಡಿ ನೋಡಿದರೆ ಗೊತ್ತಾಗುತ್ತದೆ, ಈಗಲೇ ಏಕೆ ಎಲ್ಲರ ಖುಷಿ ಕೆಡಿಸಲಿ ಎಂದುಕೊಂಡೆ. ನಿನ್ನ ಚಿಲಕ ನಿಜವೇ ಇರಲಿ ದೇವರೇ ಎಂದು ಬೇಡಿಕೊಂಡೆ ಕೂಡ.

ಎರಡನೇ ಸಲ ಮಾಡಿದಾಗ ತಲೆಗಳು ತಮ್ಮ ಪಾಡಿಗೆ ಬುಡದ ಮೇಲೆ ಕುಳಿತಿದ್ದವು. ಸ್ಯಾಂಪಲ್ ಬಿಸಿಯಾಗಿ ಕೆಟ್ಟುಹೋಯಿತು, ಚಿತ್ರ ನಂಬುವ ಹಾಗಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಸ್ಯಾಂಪಲ್ ಚೆನ್ನಾಗಿಯೇ ಇತ್ತು. ಆ ಚಿತ್ರಗಳು ಇನ್ನೂ ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿವೆ, ಪ್ರವೀಣ್ ಕೈಯಲ್ಲಿ ಅದನ್ನೂ ಕಳಿಸುತ್ತಿದ್ದೇನೆ. ಮೂರನೇ ಸಲ ಮತ್ತೆ ತಲೆಗಳು ಕಳಚಿದ್ದವು. ಎರಡು ಸಲ ಒಂದೇ ಫಲಿತಾಂಶ ಬಂತು ಎಂದು ಸರ್ ಒಪ್ಪಿದರು, ಪ್ರಬಂಧ ಕಳಿಸಿದೆವು. ನೀನು ಅದರ ಮೇಲೆ ತಿಂಗಳುಗಟ್ಟಲೆಯ ಕೆಲಸ ಕಟ್ಟಿದೆ. ನೀನು ಒಂದೊಂದು ಇಟ್ಟಿಗೆ ಇಟ್ಟಾಗಲೂ ನಾನು ಪಕ್ಕದಲ್ಲಿ ನಿಂತು ಚೆನ್ನಾಗಿದೆ ಎಂದೆ. ಜೂನ್‌ನಿಂದ ಊಟಿಯ ಕಾಲೇಜಿನಲ್ಲಿ ನನಗೆ ಪಾಠದ ಕೆಲಸ ಸಿಕ್ಕಿತಲ್ಲ, ಇನ್ನು ಲ್ಯಾಬ್ ಬಿಟ್ಟರೆ ಇದೂ ನನ್ನನ್ನು ಬಿಡುತ್ತದೆ ಎಂದೂ ಲೆಕ್ಕ ಹಾಕಿದ್ದೆ. ಎಂಥವಳು ನೋಡು ನಾನು.

ಹತ್ತು ದಿನದ ಹಿಂದೆ ಹೆತ್ತೆ ತೀರಿಕೊಂಡ ದಿನದಿಂದ ಆ ಲೆಕ್ಕ ನಡೆಯುತ್ತಿಲ್ಲ. ನಮ್ಮಲ್ಲಿ ಸಾವಿನ ದಿನ ಕರು ಹರಚೋದು ಎಂದು ಒಂದು ಕ್ರಮವಿದೆ. ಹಿಂದೆ ಸತ್ತವರ ಪಾಪ ಹೊರಿಸಿ ಒಂದು ಕರುವನ್ನು ಬಿಡುತ್ತಿದ್ದರಂತೆ, ಈಗ ಮಾತು ಮಾತ್ರ ಉಳಿದಿದೆ. ಊರ ಹಿರಿಯ ನಂಜುಂಡನ್ ಶವದ ತಲೆಯ ಕಡೆ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ಸತ್ತವರು ಮಾಡಿರಲಿ ಬಿಡಲಿ, ಯಾವುದೂ ತಪ್ಪಿಹೋಗಬಾರದೆಂದು ಎಲ್ಲವನ್ನೂ ಹೇಳುತ್ತಾರೆ. ನೆರೆದವರೆಲ್ಲ ಪ್ರತಿಯೊಂದಕ್ಕೂ ಪಾಪ, ಪಾಪ ಎನ್ನಬೇಕು. ಗಡಿಕಲ್ಲು ಸರಿಸಿದ್ದು, ಹರಿದುಹೋಗುವ ಹಾವನ್ನು ಕೊಂದದ್ದು. ಹೆತ್ತೆ ಹಾವು ಕಂಡರೆ ಓಡುವವಳು, ಆದರೂ ಎಲ್ಲರ ಜೊತೆ ಪಾಪ ಎಂದೆ. ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿದ್ದು ಎಂದಾಗ ಪಾಪ ಎನ್ನಲಾಗದೆ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಅವ್ವೆ "ಏನ ಆತು, ಮಗಳೇ?" ಎಂದು ನನ್ನ ತೋಳು ಹಿಡಿದಳು. ಹೆತ್ತೆಗಾಗಿ ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು. ನಾನು ನಿನ್ನನ್ನು ನೆನೆದು ಅಳುತ್ತಿದ್ದೆ, ಹೆತ್ತೆಯ ಪಾಲಿನ ಅಳುವನ್ನೂ ಕದ್ದ ಹಾಗಾಯಿತು.

ಟೀ ತೋಟದಲ್ಲಿ ಎಲ್ಲ ಕೇಳಿದ ಮೇಲೆ ಅವ್ವೆ ಮೊದಲು ಕೇಳಿದ್ದು, ಕಾಲೇಜಿನ ಕೆಲಸ ಹೋಗುತ್ತದೆಯೇ ಎಂದು. ಹೋಗಬಹುದು ಎಂದೆ. ಅವಳು ಒಂದು ಸಾಲು ಎಲೆ ಕಿತ್ತು ಮುಗಿಸಿ, ಹಬ್ಬಕ್ಕೆ ಬಂದು ನಮ್ಮ ಮನೆಯಲ್ಲಿ ಉಂಡು ಹೋದ ಹುಡುಗಿಯೇ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಬೈದಳು. ಅವಳು ಬೈದು ಎಷ್ಟೋ ವರ್ಷವಾಗಿತ್ತು.

ಸೋಮವಾರದ್ದನ್ನು ಮುಂದೂಡು. ನಿನಗೆ ಕನಿಷ್ಠ ಆರು ತಿಂಗಳು ಹೋಗುತ್ತದೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಎರಡು ಯೀಸ್ಟನ್ನೂ ಒಂದೇ ದಿನ, ಒಂದೇ ದ್ರಾವಣದಲ್ಲಿ ನೀನೇ ತೊಳೆ, ಗಡಿಯಾರ ಎದುರಿಗಿಟ್ಟುಕೋ. ಬಾ ಎಂದರೆ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ, ಯಾವುದನ್ನೂ ಮುಟ್ಟುವುದಿಲ್ಲ. ಬೇಡ ಎಂದರೂ ನ್ಯಾಯವೇ. ಇದುವರೆಗಿನ ಪುಟಗಳ ಫೋಟೋ ತೆಗೆದು ಈಗಷ್ಟೇ ಸರ್‌ಗೆ ಕಳಿಸಿದೆ. ಅವರು ಓದಿದ್ದಾರೆ, ಇನ್ನೂ ಏನೂ ಬರೆದಿಲ್ಲ. ಫೋನನ್ನು ಬೋರಲು ಹಾಕಿಟ್ಟಿದ್ದೇನೆ.

ನಿನ್ನ ಕ್ಷಮೆಗೆ ಅರ್ಹಳೋ ಅಲ್ಲವೋ ತಿಳಿಯದ,
ಜೀವಿತಾ

ತಾ.ಕ.: ಇದು ಬೇರೆ ಹಾಳೆ, ಸರ್‌ಗೆ ಕಳಿಸಿಲ್ಲ. ಮೂರನೇ ಸಲ ತಲೆಗಳು ತಾವಾಗಿ ಕಳಚಲಿಲ್ಲ, ರಮ್ಯಾ. ಗ್ಲೂಕೋಸ್ ದ್ರಾವಣ ಬಾಟಲಿ ತುಂಬ ಇತ್ತು. ನಿನ್ನ ಯೀಸ್ಟನ್ನು ಬರಿಯ ಉಪ್ಪಿನ ದ್ರಾವಣದಲ್ಲಿ ಇಟ್ಟು, ಬಾಗಿಲು ಹಾಕಿಕೊಂಡು, ನಲವತ್ತು ನಿಮಿಷ ಎಣಿಸಿದೆ. ಆ ವಾರ ನೀನು ಮೈಕ್ರೋಸ್ಕೋಪ್ ಕೋಣೆಯ ಹೊರಗೆ ಅಳುತ್ತಿದ್ದೆ, ನಿನಗಾಗಿ ಮಾಡಿದೆ ಎಂದು ಬರೆಯಲು ಹೊರಟು ಎರಡು ಹಾಳೆ ಹರಿದೆ. ಆ ಶುಕ್ರವಾರ ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನವಾಗಿತ್ತು, ಅದರಲ್ಲಿ ಆ ಪ್ರಬಂಧದ ಹೆಸರು ಬೇಕಿತ್ತು. ಇದನ್ನು ಸರ್‌ಗೆ ಕಳಿಸಲು ನನ್ನ ಕೈ ಏಳುತ್ತಿಲ್ಲ. ಈ ಹಾಳೆ ನಿನ್ನದು, ನೀನೇ ತೋರಿಸು.