ಪೆಡಲ್ ಬಿಟ್ಟರೂ ನಿಲ್ಲದ ಟ್ರ್ಯಾಕ್ಟರ್

ಮಂಗಳವಾರ, ಜೂನ್ ೧೧

ಟ್ರ್ಯಾಕ್ಟರ್ ‘ಸ್ವಲ್ಪ ಜಾರಿತು’ ಎಂದು ಅಳಿಯ ನೆರೆಯವರಿಗೆ ಹೇಳಿದ್ದು ಸರಿಯಲ್ಲ. ಅದು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿತು. ಟ್ರೇಲರಿನ ಕೊಂಡಿ ಹಾಕುತ್ತಿದ್ದ ನನ್ನ ಮಗಳು ಕೂದಲೆಳೆಯ ಅಂತರದಲ್ಲಿ ಪಾರಾದಳು. ಒಂದು ಚಪ್ಪಲಿ ಅಲ್ಲಿಯೇ ಅಪ್ಪಚ್ಚಿಯಾಯಿತು.

ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡವೇ ಆ ಗಾಡಿಯನ್ನು ಓಡಿಸುವುದು, ಬಿಟ್ಟಾಗ ನಿಲ್ಲಿಸುವುದೂ ಅದೇ.

“ಎಣ್ಣೆ ಹಳೇದಾಗಿದೆ. ಬಿಸಿಯಾದ್ರೆ ನೀರಾಗಿ ಹಿಡಿತ ಬಿಡುತ್ತೆ. ಬದಲಾಯಿಸೋವರೆಗೂ ದಿಬ್ಬಕ್ಕೆ ಒಯ್ಯಬೇಡಿ. ಎಲ್ಲಿ ನಿಲ್ಲಿಸಿದ್ರೂ ಬ್ರೇಕ್ ಹಾಕಿ,” ಎಂದು ಸಂಜೆ ಬಂದು ನೋಡಿದ ಮೆಕ್ಯಾನಿಕ್ ಗದರಿದ.

“ಅವನಿಗೆ ಹಗ್ಗ ಕಂಡ್ರೂ ಹಾವು, ಅತ್ತೆ! ಪೆಡಲ್ ಬಿಟ್ರೆ ತಾನೇ ನಿಲ್ಲೋ ಗಾಡಿಗೆ ಬ್ರೇಕ್ ಯಾಕೆ?” ಎಂದು ಅಳಿಯ ನಕ್ಕ.

ಕೀಲಿಯನ್ನು ಕಸಿದುಕೊಂಡೆ. ಇನ್ನೊಂದು ಕೀಲಿ ಅವನ ಬಳಿಯಿದೆ. ಬೆಳಗ್ಗೆ ಮತ್ತೆ ದಿಬ್ಬಕ್ಕೇ ಹೋಗಬೇಕಂತೆ.

ಇಂದು ಅಲ್ಲಿದ್ದವರು: ಆಸನದಲ್ಲಿ ಅಳಿಯ, ಗಾಡಿಯ ಹಿಂದೆ ಮಗಳು, ಬೇಲಿಯ ಬಳಿ ನಾನು. ನಾಳೆಯೂ ಈ ಮೂವರೇ.