ಅಪ್ಪನ ಈಜುಚಡ್ಡಿ ತರಬೇಡ

ಅಕ್ಕಾ,

ನೀವೆಲ್ಲ ಬರುವ ಮೊದಲು ಏನೇನು ನೋಡಬಹುದೆಂದು ತಿಳಿಯಲು ನಾವಿಬ್ಬರೂ ಈ ದ್ವೀಪಕ್ಕೆ ಮುಂಚೆಯೇ ಬಂದದ್ದು ಒಳ್ಳೆಯದಾಯಿತು. ಹಳೇ ಕೋಟೆ, ದೀಪಸ್ತಂಭ ಎಲ್ಲ ಗೊತ್ತುಮಾಡಿದ್ದೇನೆ. ಸಮುದ್ರಸ್ನಾನ ಮಾತ್ರ ಬೇಡ.

ಇವತ್ತು ಬೆಳಿಗ್ಗೆ ನೀರು ತಟ್ಟೆಗೆ ಸುರಿದ ಹಾಗೆ ಅಲುಗಾಡದೆ ನಿಂತಿತ್ತು. "ಮಂಡಿವರೆಗೂ ಇಲ್ಲ, ಬಾರೇ" ಎಂದು ನನ್ನನ್ನು ಕರೆಯುತ್ತ ಇವರು ಹಿಂದಕ್ಕೆ ಸರಿದದ್ದೇ, ಕಾಲಡಿಯ ಮರಳು ಜಾರಿತು. ನೀರು ಇವರನ್ನು ಒಳಕ್ಕೆ ಎಳೆದುಕೊಂಡಿತು. ನಾನು ಕಿರುಚಿದ್ದು ನಮ್ಮ ಭಾಷೆಯಲ್ಲಿ, ಯಾರಿಗೆ ಅರ್ಥವಾಗಬೇಕು? ಪುಣ್ಯಕ್ಕೆ ದಡ ಕಾಯುವ ಹುಡುಗಿ ನೋಡಿದಳು. ಧುಮುಕಿ, ಕೂದಲು ಹಿಡಿದು ಎಳೆದು ತಂದಳು.

ಗಾಬರಿಯಾಗಬೇಡ, ಉಪ್ಪುನೀರು ಕುಡಿದು ಇವರ ಗಂಟಲು ಕಟ್ಟಿದೆ, ಅಷ್ಟೆ. ಈ ಕಾರ್ಡು ಅಪ್ಪನ ಕೈಗೆ ಸಿಗದಿರಲಿ. "ಬಾವೀಲಿ ಈಜು ಕಲ್ತೋನು ನಾನು, ನಂಗೇನಾಗುತ್ತೆ?" ಎಂದು ಇನ್ನಷ್ಟು ಹಟ ಹಿಡಿದಾರು. ಅವರ ಈಜುಚಡ್ಡಿಯನ್ನು ಮರೆತ ಹಾಗೆ ಮನೆಯಲ್ಲೇ ಬಿಟ್ಟು ಬಾ.

ಹೋಟೆಲಿನವರ ಎದುರು ಇವರು ನಗುತ್ತಾರೆ, "ಮೀನುಗಳನ್ನ ಮಾತಾಡಿಸ್ಕೊಂಡು ಬಂದೆ" ಅನ್ನುತ್ತಾರೆ. ಆದರೆ ಈಗ ಸ್ನಾನಕ್ಕೆ ಹೋದವರು ಬಾಗಿಲು ತೆರೆದಿಟ್ಟುಕೊಂಡು, "ಅಲ್ಲೇ ಇದೀಯಾ?" ಎಂದು ಮತ್ತೆ ಮತ್ತೆ ಕೂಗುತ್ತಿದ್ದಾರೆ. ಓಗೊಡಬೇಕು, ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ತಂಗಿ