ಅರಿಶಿನ ಮೆತ್ತಿದ ಕೋಳಿಗಳು

ಅಪ್ಪಾ,

ಬೈಯುವುದಿದ್ದರೆ ಈಗಲೇ ಬೈದುಬಿಡು. ಹದಡಿಯ ನಮ್ಮ ಕೋಳಿ ಶೆಡ್ಡಿನಲ್ಲಿ ನಿನ್ನ ಬಿಳಿ ಪುಡಿ ನಿಲ್ಲಿಸಿದ್ದೇನೆ. ಬ್ರಾಯ್ಲರ್ ಕೋಳಿಗಳು ಬೇಗ ಮೈ ತುಂಬಿಕೊಳ್ಳಲಿ ಎಂದು ಮೇವಿಗೆ ಬೆರೆಸುತ್ತಿದ್ದೆಯಲ್ಲ, ಆ ಆಂಟಿಬಯಾಟಿಕ್. ರೋಗವೇ ಇಲ್ಲದ ಕೋಳಿಗೆ ಔಷಧಿ ಯಾಕೆ ಎಂದು ನಾನು ಕೇಳಿದಾಗ ನೀನು, "ಎಲ್ಲಾರೂ ಹಾಕ್ತಾರವ್ವ. ನಾವೊಬ್ರು ಬಿಟ್ರೆ ನಮ್ ಕೋಳಿ ಯಾರ್ ಒಯ್ತಾರೆ?" ಅಂದಿದ್ದೆ. ಅದೂ ಒಂದು ಉತ್ತರವೇ?

ಪಿ.ಜೆ. ಬಡಾವಣೆಯ ಆಸ್ಪತ್ರೆಯಲ್ಲಿ ನಿನ್ನ ಕಾಲಿನ ಗಾಯಕ್ಕೆ ಡಾಕ್ಟರು ಇಂಜೆಕ್ಷನ್ ಬದಲಿಸುತ್ತಲೇ ಹೋದರು. ಯಾವುದೂ ನಾಟಲಿಲ್ಲ; ಔಷಧಿಗೆ ಬಗ್ಗದಂತೆ ಪಳಗಿದ ಕ್ರಿಮಿ ಅಂದರು. ವರ್ಷಗಟ್ಟಲೆ ನೀನು ಬರಿಗೈಯಲ್ಲಿ ಕಲಸಿದ ಆ ಪುಡಿಗೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಡಾಕ್ಟರೂ ಹೇಳಲಾರದೆ ಹೋದರು. ನನಗೂ ಗೊತ್ತಿಲ್ಲ. ಆದರೆ ನಿನ್ನ ತಿಥಿಕಾರ್ಯ ಮುಗಿಸಿ ಶೆಡ್ಡಿಗೆ ಬಂದು ಆ ಡಬ್ಬ ನೋಡಿದಾಗ ಬಂದ ಸಿಟ್ಟು... ಇನ್ನೂ ಇಳಿದಿಲ್ಲ.

ಅದರ ಬದಲು ನಾನು ಬೆಳ್ಳುಳ್ಳಿ, ಅರಿಶಿನ, ನೆರಳಲ್ಲಿ ಒಣಗಿಸಿದ ತುಳಸಿ ಪುಡಿಮಾಡಿ ಮೆಕ್ಕೆಜೋಳದ ನುಚ್ಚಿಗೆ ಬೆರೆಸಿದೆ. ಮೊದಲ ಬ್ಯಾಚಿಗೆ ಅರಿಶಿನದ ಕೈ ಜೋರಾಯಿತು. ನುಚ್ಚಿನಲ್ಲಿ ಮುಖವಿಟ್ಟು ತಿಂದ ಬಿಳಿ ಕೋಳಿಗಳ ಕೊಕ್ಕು, ಕತ್ತು, ಎದೆಯೆಲ್ಲ ಹಳದಿ. ಕೋಳಿ ಒಯ್ಯಲು ಹರಿಹರದಿಂದ ಟೆಂಪೋ ತಂದಿದ್ದ ವ್ಯಾಪಾರಿ ಹನುಮಂತಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತ.

"ಏನವ್ವ, ಮದುವಿ ಅರಿಶಿನ ಹಚ್ಚೀಯೇನು ಇವಕ್ಕೆ?"

ನಗುತ್ತಲೇ, ಗಿರಾಕಿಗಳು ಕಾಮಾಲೆ ಅನ್ನುತ್ತಾರೆ, ಇವನ್ನು ಒಯ್ಯುವುದಿಲ್ಲ ಎಂದು ಡ್ರೈವರಿಗೆ ಟೆಂಪೋ ತಿರುಗಿಸಲು ಹೇಳಿದ. ಪುಡಿ ಬಿಟ್ಟರೆ ಹೀಗೇ ಆಗುವುದು ಎಂದೂ ಸೇರಿಸಿದ. ಅಳು ಬಂತು, ಅಳಲಿಲ್ಲ. ಹೋಗಿ ಟೆಂಪೋಗೆ ಅಡ್ಡ ನಿಂತೆ.

"ನಿಮ್ ಕೈಯಾರೆ ಒಂದ್ ಹಿಡೀರಿ, ಇಲ್ಲೇ ಕೊಯ್ದು ನೋಡ್ರಿ. ಕಾಮಾಲೆ ಐತೆ ಅಂದ್ರೆ ಇವತ್ತೇ ಶೆಡ್ಡಿಗೆ ಬೀಗ ಹಾಕ್ತೀನಿ."

ಅವನು ಆರಿಸಿ ಆರಿಸಿ ಎಲ್ಲಕ್ಕಿಂತ ಹಳದಿಯಾದದ್ದನ್ನೇ ಹಿಡಿದ. ಕೊಯ್ದು, ಲಿವರನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದ. ಕೆಂಪಗೆ, ನುಣ್ಣಗೆ ಇತ್ತು, ಒಂದು ಕಲೆಯಿಲ್ಲ. ತೂಕ ಕೊಂಚ ಕಮ್ಮಿ ಎಂದು ಗೊಣಗಿದ. ಕಮ್ಮಿಯೇ ಇತ್ತು, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ? ಆದರೂ ತುಂಬಿಕೊಂಡು ಹೋದ.

ಇನ್ನು ಮುಂದೆ ಅರಿಶಿನ ಹಾಕುವಾಗ ಕೈ ಹಿಡಿತದಲ್ಲಿಡುತ್ತೇನೆ. ಪುಡಿ ಮಾತ್ರ ತರುವುದಿಲ್ಲ, ನೀನೇ ಎದ್ದು ಬಂದು ಹೇಳಿದರೂ.

ನೀನಿದ್ದಷ್ಟು ದಿನ ನಮ್ಮ ಶೆಡ್ಡಿನ ಕೋಳಿ ನಮ್ಮ ಒಲೆ ಹತ್ತಲಿಲ್ಲ. ಊರಿಗೆಲ್ಲ ಇದನ್ನು ಮಾರಿ, ಮನೆಗೆ ನೀನು ನಾಟಿ ಕೋಳಿ ತರುತ್ತಿದ್ದೆ. ಯಾಕೆಂದು ನಾವೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಕಳೆದ ಭಾನುವಾರ ನಾನು ನಮ್ಮ ಶೆಡ್ಡಿನದನ್ನೇ ಕೊಯ್ದು ಸಾರು ಮಾಡಿದೆ, ಅಪ್ಪಾ. ಅವ್ವ ಎರಡನೇ ಸಲ ಹಾಕಿಸಿಕೊಂಡಳು.